ಕೆಂಪು ದಾರ

ಬೀಗರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ನೀಲವ್ವ ನೋಡುತ್ತಿದ್ದಂತೆ ನರ್ಸ್ ರಕ್ತದ ವರದಿ ಓದಿ, ಕೂಸಿನ ಕೈಗೆ ಕೆಂಪು ದಾರ ಕಟ್ಟಿದಳು. ಹುಟ್ಟಿನಿಂದಲೇ ರಕ್ತದಲ್ಲಿ ಕೊಬ್ಬು ಕಟ್ಟುವವರ ದಾರವದು. ಅವರ ಎಲೆಗೆ ಯಾರೂ ತುಪ್ಪ ಬಡಿಸುವುದಿಲ್ಲ, ಅವರ ಮನೆಗೆ ಹೆಣ್ಣು ಕೇಳಿಕೊಂಡೂ ಬರುವುದಿಲ್ಲ.

"ಇದು ತಾಯಿ ಕಡೀದವಾ. ನಮ್ಮ ಮನ್ಯಾಗೆಲ್ಲಾ ಬಿಳೀ ದಾರಾನ," ಎಂದಳು ನೀಲವ್ವನ ಗಂಡನ ತಂಗಿ ಕಸ್ತೂರಿ, ನೀಲವ್ವನ ಕಡೆ ತಿರುಗಿ. "ಹೌದಲ್ಲ ವೈನಿ?"

ಸೊಸೆ ಸುವರ್ಣಾ ತಲೆ ತಗ್ಗಿಸಿದಳು.

ನೀಲವ್ವನ ಮದುವೆಯ ಮುನ್ನಾದಿನ ಅವಳ ಕೆಂಪು ದಾರ ಕತ್ತರಿಸಿ ಬಿಳಿಯದನ್ನು ಕಟ್ಟಿದ್ದು ಅವಳ ಅವ್ವ. ಹಡೆಯಲು ತವರಿಗೆ ಹೋದಾಗ ಮಗನ ದಾರವನ್ನು ಬದಲಿಸಿದ್ದು ಮಾತ್ರ ನೀಲವ್ವನೇ. ಆ ಮಗ ಈಗ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ.

ಅವಳು ನರ್ಸಿನ ಮುಂದೆ ಕೈ ಚಾಚಿದಳು.

"ಇನ್ನೆರಡು ಕೆಂಪು ದಾರ ಕೊಡವಾ. ಒಂದು ನನಗ, ಒಂದು ನನ್ನ ಮಗಗ."