ಆಗಿಬರದ ಬಾಗಿಲು

ಈ ಮನೆ ಮಾರಿ ತಂಗಿಯ ಬೀದಿಯಲ್ಲಿ ಚಿಕ್ಕದೊಂದು ಮನೆ ಕೊಳ್ಳೋಣವೆಂದು ಸರ್ವಮಂಗಳ ಎರಡು ವರ್ಷದಿಂದ ಗಂಡನ ತಲೆ ತಿನ್ನುತ್ತಿದ್ದಳು. ಗುರುಸಿದ್ದಪ್ಪ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ತಾನೇ ನಿಂತು ಕಟ್ಟಿಸಿದ, ಬೆಳಿಗ್ಗೆ ಸಂಜೆ ತಾನೇ ಗೋಡೆಗೆ ನೀರು ಹೊಡೆದ ಮನೆ ಅದು. ಕೊನೆಗೆ ಅವಳು ವಾಸ್ತು ನೋಡುವವರನ್ನು ಕರೆಸಿದಳು. ಗೇಟಿನಲ್ಲೇ ತಡೆದು, ಏನು ಹೇಳಬೇಕೆಂಬುದನ್ನೂ ಹೇಳಿಕೊಟ್ಟಳು.

ಅವರು ಅದನ್ನೇ ಹೇಳಿದರು. "ಬಾಗಿಲಿರೋ ಜಾಗ ಸರಿಯಿಲ್ಲ. ಈ ಮನೆ ಹೆಂಗಸರಿಗೆ ಆಗಿಬರಲ್ಲ."

ಅವರು ಹೋದ ಮೇಲೆ ಗುರುಸಿದ್ದಪ್ಪ ಬಹಳ ಹೊತ್ತು ಬಾಗಿಲನ್ನೇ ನೋಡುತ್ತ ಕೂತ.

"ಮೇಸ್ತ್ರಿ ಆಗ್ಲೇ ಬೇಡ ಅಂದಿದ್ದ. ನಾನೇ ಹಟ ಮಾಡಿ ಅಲ್ಲಿ ಇಡಿಸ್ದೆ. ನಿನ್ನ ಮಂಡಿನೋವು, ಆ ಆಪರೇಷನ್ನು, ಎಲ್ಲಾ ನನ್ನಿಂದ್ಲೇ ಆಯ್ತಲ್ಲೇ."

"ಹಾಗೇನಿಲ್ಲ ಬಿಡಿ," ಅಂದಳು.

"ಮಾರಿಬಿಡೋಣ," ಅಂದವನೇ ಎದ್ದು ಹೋಗಿ ಬಿಸಿನೀರಿನ ಚೀಲ ತಂದು ಅವಳ ಮಂಡಿಯ ಮೇಲಿಟ್ಟ. ಸರ್ವಮಂಗಳ ಅವನ ಮುಖ ನೋಡದೆ ಸೀರೆಯ ಅಂಚನ್ನು ಸರಿಮಾಡಿಕೊಂಡಳು.

ಭಾನುವಾರ ಮನೆ ನೋಡಲು ಎಳೆಯ ದಂಪತಿ ಬಂದರು. ಹುಡುಗಿ ತುಂಬು ಬಸುರಿ. ಅಡುಗೆಮನೆ, ದೇವರಕೋಣೆ, ಹಿತ್ತಲ ಕರಿಬೇವಿನ ಗಿಡ ಎಲ್ಲವನ್ನೂ ಮೆಚ್ಚಿ, ಹೇಳಿದ ಬೆಲೆಗೇ ಒಪ್ಪಿದರು. ಅವಳ ಗಂಡ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಅಡ್ವಾನ್ಸ್ ಇಟ್ಟ.

ಗುರುಸಿದ್ದಪ್ಪ ಹುಡುಗಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

"ಬೇಡ ಕಣಮ್ಮ. ಗೊತ್ತಿದ್ದೂ ನಿನಗೆ ಹೇಗೆ ಕೊಡ್ಲಿ? ಈ ಮನೆ ಹೆಂಗಸರಿಗೆ ಆಗಿಬರಲ್ಲ. ಬೇಕಾದ್ರೆ ಇವಳನ್ನೇ ಕೇಳು."