ಗುಂಡ್ಲುಪೇಟೆಯವರ ಒಪ್ಪಿಗೆ

"ಮನೆ ಬಿಟ್ಟು ದೂರ ಇರ್ತೀಯೇನಮ್ಮಾ?" ಶಿವರುದ್ರಮ್ಮ ಕೇಳಿದರು.

"ಎಷ್ಟು ದೂರ ಆದರೂ ಇರ್ತೀನಿ. ಹಬ್ಬಕ್ಕೂ ಬರಬೇಕು ಅಂತೇನಿಲ್ಲ," ಎಂದಳು ಶಿವರಂಜಿನಿ.

ಪಕ್ಕದಲ್ಲಿದ್ದ ಅಪ್ಪ ಗುರುಸಿದ್ದಯ್ಯ ಕೆಮ್ಮಿದ. ಅವ್ವ ಪುಟ್ಟಸಿದ್ದಮ್ಮ ಸೆರಗು ಸರಿಮಾಡಿಕೊಂಡಳು.

ಶಿವರಂಜಿನಿ ಬೇಕೆಂದೇ ಹಾಗೆ ಹೇಳಿದ್ದಳು. ಈ ಸಂಬಂಧ ಇವತ್ತೇ, ಈ ಸೋಫಾದ ಮೇಲೇ ಮುರಿದು ಬೀಳಬೇಕಿತ್ತು.

ಮೈಸೂರಿನಲ್ಲಿ ಮಾರ್ಕೆಟಿಂಗ್ ಎಂ.ಬಿ.ಎ. ಮುಗಿಸಿ ಅವಳು ಹರವೆಗೆ ಮರಳಿ ವರ್ಷವಾಗಿತ್ತು. ಹೊರದೇಶದ ಕೆಲಸಗಳಿಗೆ ಅರ್ಜಿ ಹಾಕುತ್ತಲೇ ಇದ್ದಳು. ಅಂಥದ್ದೇ ಒಂದು ಕೆಲಸಕ್ಕೆ ಕೊಚ್ಚಿಯ ಕಂಪನಿಯೊಂದು ಸಂದರ್ಶನಕ್ಕೆ ಕರೆದ ದಿನ ಅಪ್ಪ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದ. "ಕೆಲ್ಸ ಬೇಕಂದ್ರೆ ಚಾಮರಾಜನಗರದಲ್ಲಿ ನೋಡ್ಕೊ. ದೇಶ ಸುತ್ತೋದೆಲ್ಲ ಮದ್ವೆ ಆದ್ಮೇಲೆ, ಗಂಡನ ಜೊತ್ಗೆ." ಅವಳು ಚಾಮರಾಜನಗರದ ಬೈಕ್ ಶೋರೂಮಿನಲ್ಲಿ ಮೂರು ತಿಂಗಳು ಗಿರಾಕಿಗಳಿಗೆ ಬಣ್ಣದ ಪಟ್ಟಿ ತೋರಿಸಿ, ಸಾಕಾಗಿ ಬಿಟ್ಟು ಬಂದಳು.

ಹೋದ ವಾರ ಅವ್ವ ಗಂಡಿನ ಸುದ್ದಿ ತಂದಳು. ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಕಾರ್ಖಾನೆ ನಡೆಸುವ ಅಣ್ಣ ನೀಲಕಂಠಸ್ವಾಮಿ, ತಂಗಿ ಶಿವರುದ್ರಮ್ಮ. ಇವರ ಹೊಲದ ಹೂವೆಲ್ಲ ಹೋಗುವುದು ಅಲ್ಲಿಗೇ. ಅವರು ಹುಡುಗಿಯನ್ನು ನೋಡಬೇಕಂತೆ. ಅಣ್ಣನಿಗೆ ಮಂಡಿನೋವು, ನಾವೇ ಹೋಗಬೇಕಂತೆ. ಅಪ್ಪ ಅವತ್ತೇ ಕಾರು ಗೊತ್ತು ಮಾಡಿದ. ಅವ್ವ ಮಗಳ ಅಂಕಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡಳು. ಓದಿದ ಜನ, ಕೇಳಬಹುದು ಎಂದಳು. ಕಾರು ಹತ್ತುವಾಗ ಮಗಳ ಕಿವಿಯಲ್ಲಿ, "ಏನ್ ಕೇಳುದ್ರೂ ಮನ್ಸಲ್ಲಿರದ್ನೇ ಏಳ್ಬುಡು ಕಣಮ್ಮಿ" ಎಂದಿದ್ದಳು.

ಗುಂಡ್ಲುಪೇಟೆಯ ಆ ಮನೆಯ ಮುಂಭಾಗವೇ ಆಫೀಸು. ಹುಡುಗನ ಸುಳಿವಿರಲಿಲ್ಲ. "ಫಾರಿನ್ನಲ್ಲಿರ್ಬೇಕು ಕಣವ್ವ," ಎಂದು ಅಪ್ಪ ಹೆಮ್ಮೆಯಿಂದ ಪಿಸುಗುಟ್ಟಿದ.

"ಊಟ ತಿಂಡಿ ಹೇಗೆ? ಇಂಥದ್ದೇ ಬೇಕು ಅಂತೀಯಾ?" ಶಿವರುದ್ರಮ್ಮ ಮುಂದುವರಿಸಿದರು.

"ಅಡುಗೆಮನೆ ಕಡೆ ತಲೆ ಹಾಕಲ್ಲ. ಬ್ರೆಡ್ ತಿಂದುಕೊಂಡು ಆರು ತಿಂಗಳು ಇರ್ತೀನಿ."

ಶಿವರುದ್ರಮ್ಮ ಅಣ್ಣನ ಮುಖ ನೋಡಿ ನಕ್ಕರು. ಶಿವರಂಜಿನಿಗೆ ದಿಗಿಲಾಯಿತು. ನಗುವಂಥದ್ದೇನಿತ್ತು?

"ದೊಡ್ಡವರ ಮಾತು ನಿನಗೆ ಸರಿ ಕಾಣದೆ ಹೋದರೆ?"

"ಎದುರು ಮಾತಾಡ್ತೀನಿ. ಅವರು ಒಪ್ಪೋವರೆಗೂ ಬಿಡಲ್ಲ."

"ಶಿವ ಶಿವಾ," ಎಂದ ಅಪ್ಪ. ಶಿವರುದ್ರಮ್ಮನ ನಗು ಇನ್ನೂ ಅಗಲವಾಯಿತು.

"ನೋಡಮ್ಮಾ, ಮುಚ್ಚುಮರೆ ಬೇಡ," ಎಂದರು ಅವರು. "ಮೊದಲು ಒಬ್ಬಳನ್ನ ಕರ್ಕೊಂಡಿದ್ವಿ. ಚಳಿ ತಡೀಲಾರದೆ ಆರೇ ತಿಂಗಳಿಗೆ ಬಿಟ್ಟು ಬಂದಳು."

ಗುರುಸಿದ್ದಯ್ಯ ಕಾಫಿ ಲೋಟವನ್ನು ಬಾಯಿಂದ ಕೆಳಗಿಳಿಸಿದ. ಎರಡನೇ ಸಂಬಂಧ! ಅವನು ಹೆಂಡತಿಯ ಕಡೆ ಕಣ್ಣುಬಿಟ್ಟ. ಅವಳು ಕಿಟಕಿಯಾಚೆ ಬಸ್ಸು ನೋಡುತ್ತಿದ್ದಳು. ಅಪ್ಪ ಈಗ ಎದ್ದೇ ಬಿಡುತ್ತಾನೆ ಎಂದು ಶಿವರಂಜಿನಿಗೆ ಆಸೆ ಚಿಗುರಿತು. ಅವನು ಏಳಲಿಲ್ಲ. ಕಾರ್ಖಾನೆಯ ಹೊಗೆಗೊಳವೆಯನ್ನೊಮ್ಮೆ ನೋಡಿ, ಕಾಫಿಯ ಜೊತೆಗೆ ಆ ಸುದ್ದಿಯನ್ನೂ ನುಂಗಿಕೊಂಡ.

ಇಲ್ಲಿಯವರೆಗೆ ಬಾಯಿ ಬಿಡದಿದ್ದ ನೀಲಕಂಠಸ್ವಾಮಿ ಕನ್ನಡಕ ತೆಗೆದರು. "ನಮ್ಮ ವ್ಯವಹಾರದ ಬಗ್ಗೆ ಏನಾದರೂ ಗೊತ್ತೇನಮ್ಮಾ?"

ಇದೇ ಕೊನೆಯ ಅವಕಾಶ ಎನ್ನಿಸಿತು ಅವಳಿಗೆ. ಮನೆಯ ಯಜಮಾನನನ್ನೇ ಹೀಯಾಳಿಸಿದರೆ ಯಾರು ತಾನೇ ಸೊಸೆ ಮಾಡಿಕೊಂಡಾರು?

"ಗೊತ್ತು. ನಿಮಗೆ ಮಾರೋಕೇ ಬರಲ್ಲ," ಎಂದಳು.

"ರಂಜಿನೀ!" ಅಪ್ಪ ಗದರಿದ.

ಅವಳು ನಿಲ್ಲಿಸಲಿಲ್ಲ. "ಹೂವಿನ ಸತ್ವ ತೆಗೆದು ಪೀಪಾಯಿಗೆ ತುಂಬಿ ಹೊರದೇಶಕ್ಕೆ ಕಳಿಸ್ತೀರಿ. ಅಲ್ಲಿಯವರು ಅದನ್ನ ಕೋಳಿಗಳಿಗೆ ತಿನ್ನಿಸಿ, ಮೊಟ್ಟೆಗೆ ಒಳ್ಳೆ ಹಳದಿ ಬಂತು ಅಂತ ತಮ್ಮ ಹೆಸರಲ್ಲಿ ಮಾರ್ತಾರೆ. ಆ ಬಣ್ಣ ಹರವೆಯ ಹೊಲದ್ದು, ಹಂಗಳದ ಹೊಲದ್ದು ಅಂತ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೊಳ್ಳೋರನ್ನ ಒಂದು ಸಲ ಇಲ್ಲಿಗೆ ಕರೆಸಿ. ಹೂ ಬಿಡೋ ಕಾಲದಲ್ಲಿ, ಬೆಳಗ್ಗೆ ಏಳು ಗಂಟೆಗೆ, ಹೊಲದ ನಡುವೆ ನಿಲ್ಲಿಸಿ. ಆಮೇಲೆ ಮಾತು ಶುರು ಮಾಡಿ. ಎರಡು ವರ್ಷ ಓದಿದ ನನಗೆ ಹೊಳೆದದ್ದು ಇಷ್ಟು ವರ್ಷ ಮಾರಿದ ನಿಮಗೆ ಹೊಳೀಲಿಲ್ಲವಾ?"

ಹೇಳಿ ಮುಗಿಸುವಷ್ಟರಲ್ಲಿ ಅವಳು ಸೋಫಾದ ಅಂಚಿಗೆ ಬಂದಿದ್ದಳು. ಹೀಯಾಳಿಸಲೆಂದು ಶುರು ಮಾಡಿದ ಮಾತು ಎಲ್ಲೋ ನಡುವೆ ನಿಜವಾದ ಉಮೇದಾಗಿ ತಿರುಗಿಬಿಟ್ಟಿತ್ತು. ಒಂದು ವರ್ಷದಿಂದ ಇಷ್ಟು ಹೊತ್ತು ಅವಳ ಮಾತನ್ನು ಯಾರೂ ಕೇಳಿರಲಿಲ್ಲ.

ಅಣ್ಣ ತಂಗಿ ಒಳಕ್ಕೆ ಹೋದರು. ಅಪ್ಪ ಹಣೆ ಒರೆಸಿಕೊಂಡ. "ಮಾನ ಕಳ್ದುಬುಟ್ಟೆ ಕಣವ್ವ."

ಶಿವರುದ್ರಮ್ಮ ಕೈಯಲ್ಲೊಂದು ಲಕೋಟೆ ಹಿಡಿದು ಹೊರಬಂದರು. "ನಮಗೆ ಪೂರ್ತಿ ಒಪ್ಪಿಗೆ. ಇಂಥವಳನ್ನೇ ಹುಡುಕ್ತಾ ಇದ್ವಿ. ಬಹಳ ದೂರ ಕಳಿಸಬೇಕಾಗುತ್ತೆ. ತಂದೆಯಾಗಿ ನೀವು ಒಪ್ಪಬೇಕು."

ಶಿವರಂಜಿನಿ ಸೋಫಾಕ್ಕೆ ಒರಗಿಬಿಟ್ಟಳು. ಗುರುಸಿದ್ದಯ್ಯ ಮಾತ್ರ ಎದ್ದು ನಿಂತು ಕೈಮುಗಿದ. "ಎಷ್ಟ್ ದೂರ ಆದ್ರೂ ಕಳುಸ್ಕೊಡ್ತೀನಿ ಅಮ್ಮಾವ್ರೆ. ಮಾತು ಕೊಟ್ಟಿವ್ನಿ, ತಪ್ಪಾಕಿಲ್ಲ. ಹುಡುಗನ್ನ ಮಾತ್ರ ಒಂದ್ಸಲ ತೋರ್ಸುಬುಡಿ."

"ಯಾವ ಹುಡುಗ?" ಶಿವರುದ್ರಮ್ಮ ಬೆರಗಾದರು. "ಇಪ್ಪತ್ತು ಜನರನ್ನ ನೋಡಿ ಆಯ್ತು. ಹಾಲೆಂಡಿನ ನಮ್ಮ ಮಾರಾಟದ ಆಫೀಸಿಗೆ ಇವಳೇ ಸರಿ ಅಂತ ತೀರ್ಮಾನ ಮಾಡಿದ್ದೀವಿ. ಮಗಳ ಅರ್ಜಿ ತಂದುಕೊಟ್ಟವರು ನಿಮ್ಮ ಮನೆಯವರೇ ಅಲ್ಲವಾ?"

ಪುಟ್ಟಸಿದ್ದಮ್ಮ ಕಾಫಿ ಲೋಟ ಕೆಳಗಿಟ್ಟು ಗಂಡನ ಕಡೆ ತಿರುಗಿದಳು: "ಗಂಡು ಅನ್ನೋ ಬದ್ಲು ಕೆಲ್ಸ ಅಂತ ಏಳಿದ್ರೆ, ನೀವು ಕಾರು ಕರುಸ್ತಿದ್ರಾ?"