ನಿಮ್ಮ ಭಾಷೆಯಲ್ಲೇ ಸಹಿ

“ಥೂ! ಇಂಥವನ ಸಲುವಾಗಿ ಶಿಫ್ಟ್ ಬಿಟ್ಟು ಬಂದೀನಲ್ರಿ ಅತ್ತಿ,” ಎಂದು ಮಾಧುರಿ ಪೆನ್ನು ಎತ್ತಿಕೊಂಡಳು. ಮುಂದಿದ್ದುದು ಒಂದೇ ಹಾಳೆ: ಗಂಡ ನಿಜಗುಣನ ಫೈಲು ಮುಚ್ಚಲು ಕುಟುಂಬದ ಒಪ್ಪಿಗೆ.

ಶಾರದವ್ವ ಸೊಸೆಯ ಕೈ ಹಿಡಿದಳು. “ತಡಿ. ನನ್ನ ಮಗ ಹಂಗ ಅನ್ನಾಂವಲ್ಲ.”

ನಿಜಗುಣ ಹನ್ನೊಂದು ತಿಂಗಳಿಂದ ಪರದೇಶದ ಜೈಲಿನಲ್ಲಿದ್ದ. ಕಂಪನಿಯ ಯಂತ್ರ ಜೋಡಿಸಲು ಹೋದವನು, ಪೊಲೀಸರು ಬೀದಿಯಲ್ಲಿ ಜನರನ್ನು ಬಡಿಯುವುದನ್ನು ಫೋನಿನಲ್ಲಿ ತೆಗೆದು ಸಿಕ್ಕಿಬಿದ್ದ. ಕೆನಡಾದ ಪ್ರಜೆ. ತನ್ನ ದೇಶದ ಅಧಿಕಾರಿಗಳನ್ನು ಕಾಣಬೇಕೆಂದು ಕೇಳುವುದು ಅವನ ಹಕ್ಕು. ಕೇಳಿದರೆ ತಾನೇ! ರಾಯಭಾರ ಕಚೇರಿಯವರು ನಾಲ್ಕು ಸಲ ಜೈಲಿನ ಬಾಗಿಲಿಗೆ ಹೋದರು. ನಾಲ್ಕು ಸಲವೂ ಒಳಗಿನಿಂದ ಟೈಪು ಮಾಡಿದ ಒಂದು ಹಾಳೆ ಬಂತು: ‘ನನಗೆ ಯಾರ ಭೇಟಿಯೂ ಬೇಡ.’ ಕೆಳಗೆ ಸಹಿ.

ಕೆನಡಾದಲ್ಲಿ ಅವರ ಮನೆಯಿದ್ದ ರೆಕ್ಸ್‌ಡೇಲಿನಲ್ಲಿ ಬಾಯಿಗಳಿಗೇನು ಬರವೇ? ಅಲ್ಲೊಬ್ಬಳನ್ನು ಇಟ್ಟುಕೊಂಡಿರಬೇಕು, ಅದಕ್ಕೇ ಬರಲೊಲ್ಲ ಎಂದರು. ಮಾಧುರಿ ಮೊದಮೊದಲು ಜಗಳಕ್ಕೆ ನಿಂತಳು. ಆಮೇಲೆ ನಂಬಿದಳು. ಅವನ ಅಂಗಿಗಳನ್ನೆಲ್ಲ ಕಸದ ಚೀಲಕ್ಕೆ ತುಂಬಿ ಬೇಸ್‌ಮೆಂಟಿಗೆ ಎಸೆದಳು. ಅವುಗಳ ವಾಸನೆಗೇ ಹೇಸಿಗೆಯಾಗುತ್ತಿತ್ತು.

“ಆ ಹಾಳಿ ತೋರಸ್ರಿ,” ಎಂದಳು ಶಾರದವ್ವ. ಮಾಧುರಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

ಮೇಜಿನಾಚೆಯ ವಿದೇಶಾಂಗ ಇಲಾಖೆಯ ಅಧಿಕಾರಿ ಮುಖ ಸಿಂಡರಿಸಿದ. ಇಷ್ಟು ದಿನವೂ ಅವನದು ಒಂದೇ ಮಂತ್ರ: ಖಾಸಗಿ ದಾಖಲೆ, ನಿಮ್ಮ ಗಂಡನ ಒಪ್ಪಿಗೆಯಿಲ್ಲದೆ ತೋರಿಸುವಂತಿಲ್ಲ. ಒಪ್ಪಿಗೆ ಕೊಡಬೇಕಾದವನು ಜೈಲಿನಲ್ಲಿ!

“ಸಂಶಯವೇ ಬೇಡ,” ಎಂದು ಫೈಲಿನ ಮೊದಲ ಹಾಳೆಯನ್ನು ಇಣುಕಿ ನೋಡಿದ. “ನಿಮ್ಮ ಭಾಷೆಯಲ್ಲೇ ಸಹಿ ಮಾಡಿದ್ದಾರೆ. ದುಂಡನೆಯ ಅಕ್ಷರ, ನೋಡಲು ಚೆಂದ.”

ಮಾಧುರಿ ಅತ್ತೆಯ ಕಡೆ ತಿರುಗಿ ಸಿಡುಕಿದಳು. “ಕೇಳಿದ್ರೇನು? ಕನ್ನಡದಾಗ ಸಹಿ ಮಾಡ್ಯಾನಂತ. ಧಾರವಾಡದಾಗ ಮದುವಿ ರಿಜಿಸ್ಟರಿಗೂ ಇಂಗ್ಲಿಷ್ ಸಹಿ ಹಾಕಿದಾಂವ. ಜೈಲಿಗೆ ಹೋದಮ್ಯಾಲೆ ಕನ್ನಡ ಪ್ರೇಮ ಉಕ್ಕೇತಿ ನಿಮ್ಮ ಮಗಗ!”

ಶಾರದವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಅಧಿಕಾರಿಗೆ ಊಟದ ಹೊತ್ತು ಮೀರುತ್ತಿತ್ತು. ಪೀಡೆ ತೊಲಗಲಿ ಎಂದು ನಾಲ್ಕೂ ಹಾಳೆಗಳನ್ನು ತೆಗೆದು, ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದ.

ಶಾರದವ್ವನಿಗೆ ಇಂಗ್ಲಿಷ್ ಬಾರದು. ಮೇಲಿನ ಟೈಪು ಸಾಲುಗಳನ್ನು ಬಿಟ್ಟು, ಕೆಳಗಿದ್ದುದಕ್ಕೆ ಬೆರಳಿಟ್ಟು, ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದಿದಳು.

“ಹೊಡದು ಬರಸ್ಯಾರ.”

ಬೆರಳು ಎರಡನೆಯ ಹಾಳೆಗೆ ಬಂತು. “ಮಾಧುರಿ, ಬಿಡಸು.”

ಆಮೇಲೆ ಮೂರನೆಯದಕ್ಕೆ. “ಯಾರೂ ಓದಲಿಲ್ಲೇನು?”

ಮಾಧುರಿಯ ಕೈಯಿಂದ ಪೆನ್ನು ಬಿತ್ತು. “ಥೂ,” ಎಂದಳು ಮತ್ತೆ. ಈ ಸಲ ತನಗೇ.

ಹೋದ ವಾರ ಬಂದ ನಾಲ್ಕನೆಯ ಹಾಳೆಯನ್ನು ಶಾರದವ್ವನಿಗೆ ಓದಲಾಗಲಿಲ್ಲ. ಅದರಲ್ಲಿದ್ದುದು ಮದುವೆ ರಿಜಿಸ್ಟರಿನಲ್ಲಿದ್ದಂಥದೇ ಇಂಗ್ಲಿಷ್ ಸಹಿ.